6ರಿಂದ 8ನೇ ತರಗತಿ ಮಕ್ಕಳಿಗೆ ಇಂಗ್ಲಿಷ್ ಓದು, ಬರಹ, ಪ್ರಾಜೆಕ್ಟ್‌ನಲ್ಲಿ ಹುರುಪು ತುಂಬುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಸ್ವಲ್ಪ ಸಂಕಟವೂ ಆಯಿತು. ಹಳ್ಳಿ ಶಾಲೆ, ಹೊಸ ಪೋಸ್ಟಿಂಗ್, ಇಂಗ್ಲಿಷ್ ಪೀರಿಯಡ್ ಬಂದ ಕೂಡಲೇ ಬೆಂಚಿನ ಕೆಳಗೆ ಏನೋ ಬಿದ್ದಂತೆ ಹುಡುಕುವ ಮಕ್ಕಳು. ಇದು ನನ್ನದೇ ಕತೆ. ಬಹುಮಾನ ಇಡಲಾ, ಪೀರಿಯಡ್‌ನಲ್ಲಿ ಕನ್ನಡ ಮಾತಾಡುವುದನ್ನೇ ನಿಲ್ಲಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಯಾಕೆ ಅಂತ ಹೇಳುವ ಮೊದಲು ಒಂದು ಆಡಿನ ಕತೆ ಹೇಳಬೇಕು.

2008-09. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ನಾನು ಟೀಚರಾಗಿ ಶಾಲೆಗೆ ಸೇರಿ ಎರಡನೇ ವರ್ಷ. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುವುದು ಶುರುವಾಗಿ ಆಗಿನ್ನೂ ಒಂದು ವರ್ಷ. ನನ್ನ ಏಳನೆಯವರಿಗೆ ಆ ಭಾಗ್ಯ ಸಿಕ್ಕಿರಲಿಲ್ಲ. ಅವರು ಎಬಿಸಿಡಿ ಕಂಡಿದ್ದು ಐದನೇ ತರಗತಿಗೆ ಬಂದ ಮೇಲೆ. ಪದ್ಯ ಓದಿ ಅಂದರೆ 31 ಮಕ್ಕಳೂ ಒಂದೇ ರಾಗದಲ್ಲಿ ಹೇಳುತ್ತಿದ್ದರು. ನಡುವಿನ ಒಂದು ಪದಕ್ಕೆ ಬೆರಳಿಟ್ಟು ಇದೇನು ಅಂದರೆ ಎಲ್ಲರೂ ಗಪ್‌ಚುಪ್. ಪದ್ಯ ಬಾಯಿಗೆ ಬಂದಿತ್ತು, ಕಣ್ಣಿಗೆ ಬಂದಿರಲಿಲ್ಲ.

ಒಂದು ಶನಿವಾರ ಸುಮ್ನೆ ಅವರಿಗೊಂದು ಕೆಲಸ ಕೊಟ್ಟೆ. "ನಿಮ್ಮ ಮನೆಯಲ್ಲಿರೋ ಒಂದು ಪ್ರಾಣಿ ಬಗ್ಗೆ ಐದು ಸಾಲು ಬರೀರಿ. ಗೊತ್ತಿರೋದನ್ನ ಇಂಗ್ಲಿಷಿನಾಗ, ಗೊತ್ತಿಲ್ಲದ್ದನ್ನ ಕನ್ನಡದಾಗ" ಅಂದೆ. ಆ ವರ್ಷ ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ. ಅದೂ ಗೊತ್ತಿಲ್ಲದೆ ಮಾಡಿದ್ದು.

ಹಿಂದಿನ ಸಾಲಿನ ಒಬ್ಬ ಹುಡುಗಿ ಇಷ್ಟು ಬರೆದಿದ್ದಳು. "ಮೈ ಗೋಟ್ ನೇಮ್ ಗೌರಿ. ಶಿ ಈಟ್ ಮೈ ನೋಟ್‌ಬುಕ್. ಬೀಟ್. ಐ ಕ್ರೈ. ಗೋಟ್ ನೋ ಕ್ರೈ."

ಇನ್ನೊಮ್ಮೆ ಓದಿ. ಹನ್ನೆರಡು ವರ್ಷದ ಹುಡುಗಿ, ಎರಡೂವರೆ ವರ್ಷದ ಇಂಗ್ಲಿಷ್. ಆಡು ನೋಟ್‌ಬುಕ್ ತಿಂದಿತು, ಹೊಡೆದೆ, ಹೊಡೆದ ನಾನೇ ಅತ್ತೆ, ಹೊಡೆಸಿಕೊಂಡ ಆಡು ಅಳಲಿಲ್ಲ. ನಾನು ಇಂಗ್ಲಿಷಿನಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಬರೆದಿಲ್ಲ.

ಆದರೆ ಅವತ್ತು ನನಗೆ ಕಂಡಿದ್ದು ತಪ್ಪುಗಳು ಮಾತ್ರ. ಮುಂದಿನ ವಾರ ಇಲಾಖೆಯವರು ಬರುವವರಿದ್ದರು. ತರಗತಿಯಲ್ಲಿ ಇಂಗ್ಲಿಷ್ ಪ್ರಾಜೆಕ್ಟ್ ಅಂತ ತೋರಿಸೋಕೆ ಏನಾದರೂ ಬೇಕಿತ್ತು. 31 ಹಾಳೆಗಳನ್ನೂ ಮನೆಗೆ ಒಯ್ದೆ. ರಾತ್ರಿ ಕೂತು ಎಲ್ಲವನ್ನೂ 'ಸರಿ' ಮಾಡಿದೆ. ಗೌರಿ ಕತೆ ಹೀಗಾಯಿತು: "ದಿ ಗೋಟ್ ಈಸ್ ಎ ಡೊಮೆಸ್ಟಿಕ್ ಅನಿಮಲ್. ಇಟ್ ಹ್ಯಾಸ್ ಫೋರ್ ಲೆಗ್ಸ್. ಇಟ್ ಗಿವ್ಸ್ ಅಸ್ ಮಿಲ್ಕ್." ಒಂದು ತಪ್ಪಿಲ್ಲ. ಗೌರಿಯೂ ಇಲ್ಲ. ಬೆಳಿಗ್ಗೆ ಮಕ್ಕಳಿಗೆ ಬಣ್ಣದ ಚಾರ್ಟ್ ಕೊಟ್ಟು, ದುಂಡಗೆ ನಕಲು ಮಾಡಿಸಿ, ಗೋಡೆಗೆ ಹಚ್ಚಿದೆ. ರಫ್ ಹಾಳೆಗಳನ್ನು ರದ್ದಿಗೆ ಹಾಕಿದೆ.

ಬಂದ ಸಾಹೇಬರು ಕೆಟ್ಟವರೇನಲ್ಲ. ಚಾರ್ಟ್ ನೋಡಿ ಖುಷಿಪಟ್ಟರು. ಹೆಸರು ಓದಿ ಆ ಹುಡುಗಿಯನ್ನೇ ಕರೆದರು. "ಬಾರವ್ವ, ನೀ ಬರೆದದ್ದು ನೀನಽ ಓದಿ ಹೇಳು" ಅಂದರು. ಅವಳು 'ಡೊಮೆಸ್ಟಿಕ್' ಹತ್ತಿರ ನಿಂತಳು. ನಾನು ಹಿಂದಿನಿಂದ ಬಾಯಿ ಆಡಿಸಿ ಹೇಳಿಕೊಟ್ಟೆ. ಅವಳು ಸಾಹೇಬರನ್ನು ನೋಡಲಿಲ್ಲ, ನನ್ನ ಕಡೆ ತಿರುಗಿದಳು. "ಅಕ್ಕೋರೆ, ಇದು ನಾ ಬರದದ್ದಲ್ರಿ."

ತರಗತಿ ನಕ್ಕಿತು. ಸಾಹೇಬರೂ ನಕ್ಕು ಮುಂದೆ ಹೋದರು. ನನಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಆ ಹುಡುಗಿ ಆಮೇಲೆ ವರ್ಷ ಮುಗಿಯುವವರೆಗೆ ಸ್ವಂತದ ಒಂದು ಸಾಲು ಬರೆಯಲಿಲ್ಲ. ಬೋರ್ಡ್ ನೋಡಿ ಬರೆಯುತ್ತಿದ್ದಳು, ಮುತ್ತಿನಂಥ ಅಕ್ಷರ. ಸ್ವಂತ ಬರೀ ಅಂದರೆ "ನೀವಽ ಹೇಳ್ರಿ, ಬರಕೋತೀನಿ" ಅನ್ನುತ್ತಿದ್ದಳು. ಏಳನೆಯದು ಮುಗಿಸಿ ಪಕ್ಕದೂರಿನ ಹೈಸ್ಕೂಲಿಗೆ ಹೋದಳು.

ಇದರಲ್ಲಿ ನನ್ನ ತಪ್ಪು ಎಲ್ಲಿತ್ತು ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಬಹಳ ಜನ ಇದನ್ನು ಕೇಳಿ "ಓ, ಕೆಂಪು ಪೆನ್ನು ಹಿಡಿಯಬಾರದು ಅಲ್ವಾ" ಅನ್ನುತ್ತಾರೆ. ಕೆಂಪು ಪೆನ್ನು ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು. ಕೆಂಪು ಗೆರೆಯ ಕೆಳಗೆ ಕೊನೇಪಕ್ಷ ಅವಳ ಸಾಲು ಉಳಿಯುತ್ತಿತ್ತು. ನಾನು ತಿದ್ದಲೇ ಇಲ್ಲ. ಅವಳ ಮಾತು ತೆಗೆದು ನನ್ನ ಮಾತು ಇಟ್ಟೆ, ಅದರ ಕೆಳಗೆ ಅವಳ ಹೆಸರು ಬರೆಸಿದೆ. ಅವಳಿಗೆ ಅರ್ಥವಾಗಿದ್ದು ಇಷ್ಟೇ: ಇಂಗ್ಲಿಷಿನಲ್ಲಿ ಗೌರಿಗೆ ಜಾಗ ಇಲ್ಲ, ನಾಲ್ಕು ಕಾಲಿನ ಡೊಮೆಸ್ಟಿಕ್ ಅನಿಮಲ್‌ಗೆ ಮಾತ್ರ ಜಾಗ.

ಇನ್ನೂ ಒಂದು ಇದೆ. ಆ 'ಬೀಟ್' ಒಂದೇ ಪದದ ವಾಕ್ಯ ಇತ್ತಲ್ಲ, ಅದು ದಡ್ಡತನದ ತಪ್ಪಲ್ಲ. ಕನ್ನಡದಲ್ಲಿ 'ಹೊಡೆದೆ' ಅಂದರೆ ಸಾಕು, ಹೊಡೆದವರು ನಾನು ಅಂತ ಆ ಪದದ ಕೊನೆಯೇ ಹೇಳುತ್ತದೆ. ಹೊಡೆದಳು, ಹೊಡೆದರು, ಹೊಡೆಯಿತು, ಬಾಲ ನೋಡಿದರೆ ಸಾಕು, ಯಾರು ಅಂತ ಗೊತ್ತಾಗುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಹೆಚ್ಚುಕಡಿಮೆ ಆ ಬಾಲ ಇಲ್ಲ. ಅದಕ್ಕೇ ಮುಂದೆ 'ಐ' ಬೇಕೇ ಬೇಕು. ಈ ಮಾತನ್ನು ಕನ್ನಡದಲ್ಲಿ ಹೇಳಿದರೆ ಐದು ನಿಮಿಷ. ಇಂಗ್ಲಿಷಿನಲ್ಲೇ ಹೇಳುತ್ತೇನೆ ಅಂತ ಹೊರಟರೆ ಏಳನೇ ತರಗತಿಯಲ್ಲಿ ಅದು ಯಾವತ್ತಿಗೂ ಮುಗಿಯಲ್ಲ. ಅವಳ ತಪ್ಪೇ ನನಗೆ ಒಳ್ಳೆ ಪಾಠ ಕೊಟ್ಟಿತ್ತು, ನಾನು ಅದನ್ನು ರದ್ದಿಗೆ ಹಾಕಿದ್ದೆ. ಪೀರಿಯಡ್‌ನಲ್ಲಿ ಕನ್ನಡ ನಿಲ್ಲಿಸಬೇಡಿ ಅಂದಿದ್ದು ಇದಕ್ಕೇ. ಮಕ್ಕಳು ಪಾಠದ ಮೇಲೆ ಪೆನ್ಸಿಲಿನಲ್ಲಿ 'ಎಲಿಫೆಂಟ್' ಅಂತ ಕನ್ನಡ ಅಕ್ಷರ ಬರೆದುಕೊಳ್ಳುತ್ತಾರಲ್ಲ, ಅದಕ್ಕೂ ಬೈಯಬೇಡಿ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ 'ಸಿ' ಒಂದು ಕಡೆ ಸಕಾರ, ಇನ್ನೊಂದು ಕಡೆ ಕಕಾರ. ಮಗು ಊರುಗೋಲು ಹಿಡಿದಿದೆ, ಅಷ್ಟೇ. ಎರಡನೇ ಸಲ ಓದುವಾಗ ಅವರೇ ಅಳಿಸಲಿ.

ಬಹುಮಾನ ಯಾಕೆ ಬೇಡ ಅಂದರೆ, ಅದು ಪ್ರತಿ ಸಲ ಅದೇ ಮೂವರಿಗೆ ಹೋಗುತ್ತದೆ. ಇದಕ್ಕಿಂತ ಹೆಚ್ಚು ಹೇಳೋದೇನಿಲ್ಲ.

ನಿಜ ಹೇಳಬೇಕೆಂದರೆ ನಿಮ್ಮ ಪ್ರಶ್ನೆಯಲ್ಲೇ ನನಗೊಂದು ತಕರಾರಿದೆ. ಹುರುಪು ತುಂಬೋದು ಹೇಗೆ ಅಂತ ಕೇಳಿದ್ದೀರಿ, ಮಕ್ಕಳು ಖಾಲಿ ಕೊಡ ಅನ್ನೋ ಹಾಗೆ. ಐದನೇ ತರಗತಿ ಮಕ್ಕಳನ್ನು ನೋಡಿ, ಬಿಸ್ಕತ್ ಪೊಟ್ಟಣದ ಮೇಲಿನ ಅಕ್ಷರವನ್ನೂ ಕೂಡಿಸಿ ಓದುತ್ತಾರೆ. ಏಳನೆಯದಕ್ಕೆ ಬರುವಷ್ಟರಲ್ಲಿ ಆ ಹುರುಪನ್ನು ಕಿತ್ತುಕೊಂಡವರು ಯಾರು? ನನ್ನ ತರಗತಿಯಲ್ಲಿ ನಾನೇ.

2013ರಲ್ಲಿ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ಗೆ 30 ದಿನದ ತರಬೇತಿಗೆ ಕಳಿಸಿದರು. ನಿಮಗೂ ಆದೇಶ ಬಂದರೆ ತಪ್ಪಿಸಿಕೊಳ್ಳಬೇಡಿ, ಹೋಗಿ. ಅಲ್ಲಿ ಎನ್. ಎಸ್. ಪ್ರಭು ಅನ್ನೋ ಇಂಗ್ಲಿಷ್ ಬೋಧನೆಯ ತಜ್ಞರ ಕೆಲಸದ ಬಗ್ಗೆ ಕೇಳಿದೆ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಕಡೆಯ ಮಾಮೂಲಿ ಶಾಲೆಗಳಲ್ಲಿ ಅವರು ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠ ಬದಿಗಿಟ್ಟು ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಲೆಕ್ಕ ಬಿಡಿಸೋಕೆ ಹೇಳೋದು. ತಲೆ ಅರ್ಥದ ಹಿಂದೆ ಓಡುವಾಗ ಭಾಷೆ ತಾನಾಗಿ ಕೂರುತ್ತದೆ ಅನ್ನೋದು ಅವರ ನಂಬಿಕೆ. ಹೊರದೇಶದವರು ಇವತ್ತು 'ಟಾಸ್ಕ್ ಬೇಸ್ಡ್ ಟೀಚಿಂಗ್' ಅಂತ ದೊಡ್ಡ ಹೆಸರಿಟ್ಟು ಹೇಳುವ ವಿಧಾನದ ಒಂದು ಬೇರು ನಮ್ಮ ಬೆಂಗಳೂರಿನ ಶಾಲೆಗಳಲ್ಲಿದೆ. ನಮಗೇ ಗೊತ್ತಿಲ್ಲ.

ಊರಿಗೆ ಬಂದವಳೇ ಬಸ್ ಸ್ಟ್ಯಾಂಡಿನ ಬೋರ್ಡ್ ಬರೆದುಕೊಂಡು ಬರೋಕೆ ಮಕ್ಕಳನ್ನು ಕಳಿಸಿದೆ. ಅದನ್ನು ಇಂಗ್ಲಿಷಿಗೆ ತಂದೆವು. "ಹಾವೇರಿ ದವಾಖಾನೆಗೆ ಅಜ್ಜಿಯನ್ನ ಹತ್ತು ಗಂಟೆಗೆ ಮುಟ್ಟಿಸಬೇಕು. ವಿಚ್ ಬಸ್?" ಅಂತ ಕೇಳಿದೆ. ತಮ್ಮತಮ್ಮಲ್ಲಿ ಕನ್ನಡದಲ್ಲೇ ಜಗಳಾಡಿದರು. "ಸೆವೆನ್ ಥರ್ಟಿ ಬಸ್ ಟೀಚರ್, ಏಯ್ಟ್ ಫಿಫ್ಟೀನ್ ಬಸ್ ಲೇಟ್" ಅಂತ ಒಬ್ಬ ಎದ್ದು ಹೇಳಿದ. ಎರಡು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಇಂಗ್ಲಿಷ್ ಅದು.

ಪ್ರಾಜೆಕ್ಟ್ ಅಂದರೆ ಪೇಟೆಯಲ್ಲಿ ಸಿಗುವ ಚಿತ್ರದ ಹಾಳೆ ತಂದು ಕತ್ತರಿಸಿ ಅಂಟಿಸೋದು ಅಂತ ನಾವೇ ಮಾಡಿಟ್ಟಿದ್ದೇವೆ. ಅದರಲ್ಲಿ ಇಂಗ್ಲಿಷ್ ಎಲ್ಲಿದೆ? ಅಪ್ಪನ ದುಡ್ಡಿದೆ, ಅಕ್ಕನ ಕತ್ತರಿ ಇದೆ. ಊರಿನಲ್ಲೇ ಇರುವ ಇಂಗ್ಲಿಷ್ ಓದಿಸಿ. ನಮ್ಮ ಕಡೆ ಹತ್ತಿ, ಗೋವಿನಜೋಳ. ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕದ ಸೀಸೆ ಇಲ್ಲದ ಹೊಲದ ಮನೆ ಕಡಿಮೆ. ಕೀಟನಾಶಕದ ಲೇಬಲ್ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು, ಹಳದಿಗೆ 'ಪಾಯಿಸನ್' ಅಂತಲೂ, ನೀಲಿಗೆ 'ಡೇಂಜರ್', ಹಸಿರಿಗೆ 'ಕಾಷನ್' ಅಂತಲೂ ಬರೆದಿರುತ್ತದೆ. "ಸೀಸೆ ಮುಟ್ಟಬೇಡಿ, ಶಾಲೆಗೆ ತರಲೇಬೇಡಿ, ದೊಡ್ಡವರು ಹಿಡಿದು ತೋರಿಸಲಿ, ನೀವು ನೋಡಿ ಬರೆದುಕೊಂಡು ಬನ್ನಿ" ಅಂತ ಹತ್ತು ಸಲ ಹೇಳಿ ಕಳಿಸಿದೆ. ನಾಲ್ಕು ಬಣ್ಣದ ಪಟ್ಟಿಯಾಯಿತು. ಮನೆಮಂದಿಗೆ ಹೇಳೋಕೆ ಮಕ್ಕಳಿಗೊಂದು ಸುದ್ದಿ ಸಿಕ್ಕಿತು. ಒಂದು ಮನೆಯಲ್ಲಿ ಒಲೆಯ ಮೇಲಿನ ಗೂಡಿನಲ್ಲಿದ್ದ ಸೀಸೆ ಕೊಟ್ಟಿಗೆಗೆ ಹೋಯಿತಂತೆ. ಆ ಹುಡುಗನ ಕಾಗುಣಿತ ಇವತ್ತಿಗೂ ಸರಿಯಿರಲಿಕ್ಕಿಲ್ಲ.

ಓದಿಗೆ ಒಂದು ಉಪಾಯ ಹೇಳುತ್ತೇನೆ, ಇದನ್ನು ಕದ್ದು ಬಳಸಿ. ಏಳನೆಯವರಿಗೆ ನಿಜವಾಗಿ ಓದೋಕೆ ಬರೋದು ಒಂದು ಸಾಲಿನ ಚಿತ್ರಪುಸ್ತಕ. ಅದನ್ನು ಕೈಗೆ ಕೊಟ್ಟರೆ ಮಾನ ಹೋದಂತಾಗುತ್ತದೆ. "ಇದು ಒಂದನೇ ತರಗತಿ ಪಿಳ್ಳೆಗಳಿಗೆ ಓದಿ ಹೇಳಬೇಕು, ನೀವು ತಯಾರಾಗಿ" ಅನ್ನಿ. ಅದೇ ಪುಸ್ತಕವನ್ನು ಮೂರು ದಿನ ಕೂತು ಉರು ಹಾಕುತ್ತಾರೆ. ಚಿಕ್ಕ ಮಕ್ಕಳು "ಅದೇನು, ಇದೇನು" ಅಂತ ಕಾಡುವುದರಿಂದ ಅರ್ಥವನ್ನೂ ಹುಡುಕಿಕೊಳ್ಳಲೇಬೇಕು. ಪುಸ್ತಕಕ್ಕೆ ದುಡ್ಡಿಲ್ಲ ಅನ್ನಬೇಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಹಂತ ಹಂತವಾಗಿ ಜೋಡಿಸಿದ್ದಾರೆ. ಕನ್ನಡ-ಇಂಗ್ಲಿಷ್ ಎರಡೂ ಇರುವ ಪುಸ್ತಕಗಳಿವೆ.

ಬರಹಕ್ಕೆ ನಾನೀಗ ಮಾಡೋದು ಇಷ್ಟು. ಮೊದಲ ಹಾಳೆಯಲ್ಲಿ ತಿದ್ದುವುದಿಲ್ಲ, ಕೆಳಗೆ ಒಂದು ಪ್ರಶ್ನೆ ಬರೆಯುತ್ತೇನೆ. ನಿಜವಾಗಿ ನನಗೆ ತಿಳಿಯಬೇಕೆನಿಸಿದ ಪ್ರಶ್ನೆ. ಮಗು ಅದಕ್ಕೆ ಉತ್ತರ ಬರೆಯುತ್ತದೆ, ಐದು ಸಾಲು ಏಳಾಗುತ್ತದೆ. ಎರಡನೇ ಸಲ ಒಂದೇ ಒಂದು ಸಂಗತಿ ತಿದ್ದುತ್ತೇವೆ. ಈ ವಾರ 'ಐ' ಬಿಟ್ಟುಹೋಗಿದೆಯಾ ನೋಡೋಣ, ಮುಂದಿನ ವಾರ ನಿನ್ನೆಯ ಕತೆಗೆ ನಿನ್ನೆಯ ಕ್ರಿಯಾಪದ. ಉಳಿದ ತಪ್ಪು ಕಣ್ಣಿಗೆ ಚುಚ್ಚುತ್ತದೆ, ತಡೆದುಕೊಳ್ಳಬೇಕು. ಆ ಹುಡುಗಿಗೆ ನಾನು ಕೇಳಬೇಕಿದ್ದ ಪ್ರಶ್ನೆ ಈಗಲೂ ತಲೆಯಲ್ಲಿದೆ: ವಿಚ್ ನೋಟ್‌ಬುಕ್? ಇಂಗ್ಲಿಷ್‌ದಾ?

ಇದನ್ನೆಲ್ಲ ಮಾಡಿದರೆ ಹೆಡ್ ಮಾಸ್ತರರು "ಚಾರ್ಟ್ ಎಲ್ಲಿ?" ಅಂತ ಕೇಳುತ್ತಾರೆ, ಗ್ಯಾರಂಟಿ. ಅದಕ್ಕೂ ದಾರಿ ಇದೆ. ಪ್ರತಿ ಮಗುವಿಗೂ ಕೃತಿ ಸಂಪುಟ, ಅಂದರೆ ಅದು ಮಾಡಿದ ಕೆಲಸ ಕೂಡಿಡುವ ಫೈಲು, ಇಡಲೇಬೇಕಲ್ಲ. ಫೇರ್ ಕಾಪಿ ಬದಲು ಅದರಲ್ಲಿ ರಫ್ ಹಾಳೆಗಳನ್ನೇ ತಾರೀಕು ಹಾಕಿ ಇಡಿ, ತಪ್ಪು, ಗೀಚು, ಎಣ್ಣೆಕಲೆ ಸಮೇತ. ಯಾರಾದರೂ ನೋಡೋಕೆ ಬಂದರೆ ಜೂನ್ ತಿಂಗಳ ಹಾಳೆಯನ್ನೂ ಜನವರಿ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ಸುಮ್ಮನೆ ನಿಂತುಬಿಡಿ. ಇಷ್ಟು ವರ್ಷದಲ್ಲಿ ನನ್ನನ್ನು ಬೈದವರು ಒಬ್ಬರೇ. ಅವರೂ ಬೈದಿದ್ದು ಎಣ್ಣೆಕಲೆಗೆ.