ನಿಮ್ಮ ಪೋಸ್ಟಿಗೆ ಸೀಮೆಎಣ್ಣೆ ಎಲ್ಲಿಂದ ಬಂತು?

ಆತ್ಮೀಯರೇ, ನಮಸ್ಕಾರ.

ಲಡಾಖಿನ ಸಿಯಾಚಿನ್ ಹಿಮನದಿಯ ಬಗ್ಗೆ ನೀವು ಕಳಿಸಿದ ಕತೆಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಕತೆಯೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕತೆ ನಡೆಯುವುದು 1998ರ ಜನವರಿಯಲ್ಲಿ, 19,000 ಅಡಿ ಎತ್ತರದ ಒಂದು ಪೋಸ್ಟಿನಲ್ಲಿ, ಅಂದರೆ ಸೈನ್ಯದ ಕಾವಲು ಠಾಣೆಯಲ್ಲಿ. ಧಾರವಾಡ ಕಡೆಯ ಬಸವರಾಜ, ಅವನ ಜೊತೆ ಏಳು ಜನ. ಹಿಮಗಾಳಿಗೆ ಸಿಕ್ಕಿಕೊಳ್ಳುತ್ತಾರೆ, ರೇಷನ್ ಮುಗಿಯುತ್ತದೆ. ವೈರ್‌ಲೆಸ್ಸಿನಲ್ಲಿ ಹೇಳಿದ ಎರಡೇ ದಿನಕ್ಕೆ ಶ್ರೀನಗರದಿಂದ ಲಾರಿ ಬರುತ್ತದೆ. ಹುಡುಗರು ಸೌದೆ ಒಟ್ಟಿ ಬೆಂಕಿ ಹಾಕಿ, ಅನ್ನ ಸಾರು ಮಾಡಿಕೊಂಡು ಉಣ್ಣುತ್ತಾರೆ. ಕೊನೆಗೆ ಬಸವರಾಜ ಎತ್ತರದ ಕಾಯಿಲೆಯಿಂದ, ಅಂದರೆ ತೆಳು ಗಾಳಿಯಿಂದ ಬರುವ ಕಾಯಿಲೆಯಿಂದ, ತೀರಿಕೊಳ್ಳುತ್ತಾನೆ.

ಲಾರಿಯಿಂದಲೇ ಶುರು ಮಾಡುತ್ತೇನೆ. ಶ್ರೀನಗರದಿಂದ ಲಡಾಖಿಗೆ ಹೋಗಬೇಕಾದರೆ ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಎಂಬ ಬೆಟ್ಟದ ದಾರಿ ದಾಟಬೇಕು. ನೀವು ಬರೆದಿರುವ ಕಾಲದಲ್ಲಿ ಜನವರಿ ಹೊತ್ತಿಗೆ ಅದು ಹಿಮದಡಿ ಮುಚ್ಚಿಹೋಗಿರುತ್ತಿತ್ತು. ಮನಾಲಿ ಕಡೆಯ ರೋಹ್ತಾಂಗ್ ಕೂಡ ಹಾಗೇ. ಅಲ್ಲಿನ ಅಟಲ್ ಸುರಂಗ ಓಡಾಟಕ್ಕೆ ತೆರೆದದ್ದೇ 2020ರಲ್ಲಿ. ಅಂದರೆ ಚಳಿಗಾಲಕ್ಕೆ ಬೇಕಾದ ಅಕ್ಕಿ, ಬೇಳೆ, ಎಣ್ಣೆ, ಔಷಧಿ, ಮದ್ದುಗುಂಡು ಎಲ್ಲ ಬೇಸಿಗೆಯಲ್ಲೇ ಕಾನ್ವಾಯ್‌ಗಳಲ್ಲಿ ಬಂದು ಕೂತಿರಬೇಕು. ಆಮೇಲೆ ಬರುವುದೇನಿದ್ದರೂ ಲೇಹ್ ಇಲ್ಲವೇ ಥೋಯ್ಸ್ ವಾಯುನೆಲೆಗೆ ವಿಮಾನದಲ್ಲಿ. ಹೇಗೇ ಬಂದರೂ ಲಾರಿಯ ರಸ್ತೆ ನುಬ್ರಾ ಕಣಿವೆಯ ಬೇಸ್ ಕ್ಯಾಂಪಿಗೆ ಮುಗಿಯಿತು. ಅಲ್ಲಿಂದ ಮೇಲೆ ಹಗ್ಗ ಕಟ್ಟಿಕೊಂಡು ನಡೆಯಬೇಕು, ಕೆಳಗಿನ ಭಾಗದಲ್ಲಿ ಸ್ನೋ ಸ್ಕೂಟರ್, ಮಿಕ್ಕಿದ್ದು ಪೋರ್ಟರ್‌ಗಳ ಬೆನ್ನ ಮೇಲೆ ಅಥವಾ ಹೆಲಿಕಾಪ್ಟರಿನಲ್ಲಿ. ನಿಮ್ಮ ಪೋಸ್ಟಿಗೆ ಲಾರಿ ಬರುವ ದಾರಿಯೇ ಇಲ್ಲ.

ಸೌದೆಯ ಮಾತೂ ಅಷ್ಟೇ. ಅಲ್ಲಿ ಮರವೇ ಇಲ್ಲ, ಅಲ್ವಾ? ಉರಿಯುವುದೆಲ್ಲ ಸೀಮೆಎಣ್ಣೆ. ನಿಮ್ಮ ಕತೆಯಲ್ಲಿ ಈ ಪದ ಒಂದು ಸಲವೂ ಬಂದಿಲ್ಲ. ನನಗೆ ಜಾಸ್ತಿ ಬೇಸರವಾಗಿದ್ದು ಇದಕ್ಕೇ. ಅಲ್ಲಿ ಕುಡಿಯುವ ನೀರು ಅಂದರೆ ಕರಗಿಸಿದ ಹಿಮ. ಕರಗಿಸುವುದಕ್ಕೆ ಸ್ಟವ್ ಉರಿಯಬೇಕು. ಸುತ್ತ ಕಣ್ಣು ಹಾಯುವಷ್ಟು ದೂರ ಹಿಮ ಬಿದ್ದಿದ್ದರೂ, ಸೀಮೆಎಣ್ಣೆ ಮುಗಿದರೆ ಕುಡಿಯಲು ನೀರಿಲ್ಲ. ಅದೇ ಸ್ಟವ್ ಟೆಂಟ್ ಬೆಚ್ಚಗಿಡುತ್ತದೆ. ಅದರ ಮಸಿ ಹುಡುಗರ ಮುಖಕ್ಕೆ ಮೆತ್ತುತ್ತದೆ, ಉಗುಳಿದರೆ ಕಪ್ಪಗೆ ಬರುತ್ತದೆ. ಹಿಮವನ್ನು ನೀವು ಪುಟಗಟ್ಟಲೆ ಚೆನ್ನಾಗಿ ಬಣ್ಣಿಸಿದ್ದೀರಿ. ಆ ಮಸಿಯನ್ನೂ ಒಂದು ಸಲ ತೋರಿಸಿ.

ಅನ್ನ ಸಾರೂ ಹಾಗೆ ಸುಲಭವಾಗಿ ಆಗುವುದಿಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಹೆಚ್ಚುಕಡಿಮೆ ಅರ್ಧ. ನೀರು 80 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಕುದಿಯುತ್ತಲೇ ಇರುತ್ತದೆ, ಸರಿಯಾಗಿ ಬೇಯುವುದಿಲ್ಲ. ಪ್ರೆಶರ್ ಕುಕ್ಕರ್ ಬೇಕು. ಇಲ್ಲದಿದ್ದರೆ ಟಿನ್ನಿನ ಊಟ, ಪೊಟ್ಟಣದ ಊಟ. ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇಂಥ ಊಟಗಳ ಮೇಲೇ ಕೆಲಸ ಮಾಡಿದೆ. ಇನ್ನೊಂದು ವಿಷಯ, ಅಷ್ಟು ಎತ್ತರದಲ್ಲಿ ಹಸಿವೇ ಸತ್ತುಹೋಗುತ್ತದೆ. ತಟ್ಟೆ ಮುಂದಿಟ್ಟರೂ ಬೇಡ ಅನ್ನುವ ಹುಡುಗನನ್ನು ಬಯ್ದು ಉಣಿಸುವ ಹವಾಲ್ದಾರ, ನೀವು ಕತೆಯಲ್ಲಿ ಹಾಕಿರುವ ಹಾಡಿಗಿಂತ ಮನಸ್ಸಿಗೆ ಹತ್ತಿರವಾಗುತ್ತಾನೆ.

ಈಗ ಹೆಲಿಕಾಪ್ಟರಿಗೆ ಬರುತ್ತೇನೆ. ನಿಮ್ಮ ಕತೆಯ ಜೀವ ಇರಬೇಕಾದದ್ದು ಇಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಚೀತಾ ಹೆಲಿಕಾಪ್ಟರುಗಳೇ ಅಲ್ಲಿನ ಎತ್ತರದ ಪೋಸ್ಟುಗಳಿಗೆ ಹಾರಿದ್ದು. ತೆಳು ಗಾಳಿಯಲ್ಲಿ ಅವಕ್ಕೆ ಭಾರ ಎತ್ತಲು ಆಗುವುದಿಲ್ಲ. ತೀರಾ ಎತ್ತರದ ಪೋಸ್ಟುಗಳಿಗೆ ಒಂದು ಸಲಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋ, ಅಷ್ಟೇ. 20 ಲೀಟರಿನ ಒಂದು ಜೆರಿಕ್ಯಾನ್ ಸೀಮೆಎಣ್ಣೆಯೇ ಸುಮಾರು 16 ಕಿಲೋ ತೂಗುತ್ತದೆ. ರೆಕ್ಕೆ ತಿರುಗುತ್ತಿರುವಾಗಲೇ ಸಾಮಾನು ಇಳಿಸಬೇಕು. ಕಾಯಿಲೆಯವನನ್ನು ಕೆಳಗೆ ಒಯ್ಯಬೇಕಾದದ್ದೂ ಅದೇ ಹೆಲಿಕಾಪ್ಟರ್.

ಬಸವರಾಜನ ಸಾವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎತ್ತರದ ಕಾಯಿಲೆಗೆ ಮೊದಲ ಮದ್ದು ಅಂದರೆ ಕೆಳಗಿಳಿಸುವುದು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬರುತ್ತಿಲ್ಲ. ಜೆರಿಕ್ಯಾನ್‌ಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಅವನನ್ನು ಬೆಚ್ಚಗಿಡಲು ಸ್ಟವ್ ರಾತ್ರಿಯಿಡೀ ಉರಿಯಬೇಕು. ಹಾಗೆ ಉರಿಸಿದರೆ ಉಳಿದ ಏಳು ಜನಕ್ಕೆ ನಾಡಿದ್ದು ನೀರಿಲ್ಲ. ಪೋಸ್ಟ್ ಕಮಾಂಡರ್ ಏನು ಮಾಡುತ್ತಾನೆ? ನೀವು ಅವನ ಬಾಯಲ್ಲಿ ಎರಡು ಪುಟ ಭಾಷಣ ಹಾಕಿದ್ದೀರಿ. ಅದನ್ನು ತೆಗೆದುಬಿಡಿ. ಟಾರ್ಚ್ ಹಿಡಿದು ಡಬ್ಬಗಳನ್ನು ಎಣಿಸುವ ಕೆಲಸ ಅವನಿಗೆ ಕೊಡಿ.

ಕತೆಯನ್ನು ನೀವು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗೆ ಅರ್ಪಿಸಿದ್ದೀರಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿದಾಗ ಸಿಕ್ಕಿಕೊಂಡ ಹತ್ತು ಜನರಲ್ಲಿ ಅವರೊಬ್ಬರೇ ಆರು ದಿನದ ಮೇಲೆ ಜೀವಂತ ಸಿಕ್ಕಿದ್ದು. ಉಳಿಸಿಕೊಳ್ಳಲು ಆಗಲಿಲ್ಲ. ಆ ಹಿಮವನ್ನು ಕೊರೆದು ತೆಗೆಯಲು ಬೇಕಾದ ಯಂತ್ರಗಳನ್ನೂ ಹೆಲಿಕಾಪ್ಟರಿನಲ್ಲೇ ಮೇಲೆ ಸಾಗಿಸಬೇಕಾಯಿತು. ಅಂಥವರ ಹೆಸರಿಟ್ಟು ಬರೆಯುವಾಗ ಸುಮ್ನೆ ಲಾರಿ ಕಳಿಸಿಬಿಡುವುದು ಸರಿಯಲ್ಲ. ಇದನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ನಿಮ್ಮ ಜಿಲ್ಲೆಯಲ್ಲಿ ನಿವೃತ್ತ ಸೈನಿಕರು ಬೇಕಾದಷ್ಟು ಜನ ಇದ್ದಾರೆ. ಸೇನೆಗೆ ರೇಷನ್, ಇಂಧನ ಪೂರೈಸುವ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ, ಆ ಕೋರ್‌ನಲ್ಲಿ ದುಡಿದವರು ಸಿಕ್ಕರೆ ಇನ್ನೂ ಒಳ್ಳೆಯದು. ಹೋಗಿ ಕೂತು ಮಾತಾಡಿ. ಭಯ ಆಗಿತ್ತಾ ಅಂತ ಕೇಳಬೇಡಿ. ಬೆನ್ನ ಮೇಲೆ ಏನು ಹೊತ್ತಿದ್ದಿರಿ, ಮೊದಲು ಮುಗಿದದ್ದು ಯಾವುದು, ಲಂಗರಿನಲ್ಲಿ (ಸೈನ್ಯದ ಅಡುಗೆಮನೆಯಲ್ಲಿ) ಏನು ಬೇಯುತ್ತಿತ್ತು ಅಂತ ಕೇಳಿ.

ಒಂದು ಜಾಗ ಮಾತ್ರ ಮುಟ್ಟಬೇಡಿ. ಊರಿಂದ ಬಂದ ಶೇಂಗಾ ಚಟ್ನಿಯ ಪೊಟ್ಟಣವನ್ನು ಬಸವರಾಜ ಚಮಚದ ತುದಿಯಲ್ಲಿ ಎಂಟು ಪಾಲು ಮಾಡುವ ದೃಶ್ಯ. ಎಷ್ಟು ಚೆನ್ನಾಗಿ ಬಂದಿದೆ! ಒಂದೇ ಒಂದು ಸಾಲು ಸೇರಿಸಿ: ಹೆಲಿಕಾಪ್ಟರಿನ ಇಪ್ಪತ್ತು ಕಿಲೋ ಲೆಕ್ಕದಲ್ಲಿ ಆ ಅರ್ಧ ಕಿಲೋ ಪೊಟ್ಟಣಕ್ಕೆ ಜಾಗ ಮಾಡಿಕೊಟ್ಟವರು ಯಾರು, ಅದಕ್ಕಾಗಿ ಏನನ್ನು ಕೆಳಗೆ ಬಿಟ್ಟರು?

ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ಅವಸರ ಬೇಡ.

ವಿಶ್ವಾಸದಿಂದ,
ಸಂಪಾದಕ