ಓದುಗರ ಪ್ರಶ್ನೆ: ಅಮೆರಿಕದ ಟೋಪಿ ತೊಟ್ಟ ಪ್ಯಾರಿಸ್ ಕಳ್ಳರು

ಪ್ರಶ್ನೆ: ‘ಫಿಲ್ಮ್ ನುವಾರ್’ ಅನ್ನೋದು ಫ್ರೆಂಚ್ ಪದ. ಆದರೆ ಹುಡುಕಿದರೆ ಸಿಗೋದೆಲ್ಲ ಅಮೆರಿಕದ ಸಿನಿಮಾ. ಯಾರನ್ನು ನೋಡಿ ಯಾರು ಕಲಿತರು?
– ಓದುಗರೊಬ್ಬರು, ಶಿವಮೊಗ್ಗ

ಫಿಲ್ಮ್ ನುವಾರ್ ಅಂದರೆ ಕತ್ತಲು, ಕೊಲೆ, ಮೋಸ ತುಂಬಿದ ಕ್ರೈಂ ಸಿನಿಮಾ. ಮಾಡಿದವರು ಅಮೆರಿಕದವರು, ಹೆಸರಿಟ್ಟವರು ಫ್ರೆಂಚರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಪ್ಯಾರಿಸ್ಸಿನಲ್ಲಿ ಕೂತಿದ್ದಷ್ಟು ದಿನ ಅಲ್ಲಿಗೆ ಹಾಲಿವುಡ್ ಸಿನಿಮಾ ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ, 1946ರಲ್ಲಿ, ‘ದ ಮಾಲ್ಟೀಸ್ ಫಾಲ್ಕನ್’, ‘ಡಬಲ್ ಇಂಡೆಮ್ನಿಟಿ’, ‘ಲಾರಾ’ ಎಲ್ಲ ಒಟ್ಟೊಟ್ಟಿಗೆ ಬಂದವು. ವರ್ಷಕ್ಕೊಂದರಂತೆ ಬಿಡಿಬಿಡಿಯಾಗಿ ನೋಡಿದ್ದರೆ ಅಷ್ಟು ಗೊತ್ತಾಗುತ್ತಿರಲಿಲ್ಲವೇನೋ, ಒಂದರ ಹಿಂದೊಂದು ನೋಡಿದವರಿಗೆ ಇವೆಲ್ಲ ಒಂದೇ ಜಾತಿಯವು ಅಂತ ಥಟ್ಟನೆ ಹೊಳೆಯಿತು. ನೀನೋ ಫ್ರಾಂಕ್ ಎಂಬ ವಿಮರ್ಶಕ ಅದೇ ವರ್ಷ ಅವುಗಳನ್ನು ‘ನುವಾರ್’ ಎಂದು ಕರೆದ. ನುವಾರ್ ಅಂದರೆ ಕಪ್ಪು. ಆ ಪದ ಅವರಿಗೆ ಹೊಸದೇನಲ್ಲ, ಗ್ಯಾಲಿಮಾರ್ ಪ್ರಕಾಶನ ಹಿಂದಿನ ವರ್ಷವೇ ‘ಸೆರಿ ನುವಾರ್’ ಅಂತ ಕ್ರೈಂ ಕಾದಂಬರಿಗಳ ಸರಣಿ ಶುರು ಮಾಡಿತ್ತು.

ಪ್ರಶ್ನೆ: ಹಾಗಾದರೆ ಆಮೇಲೆ ಫ್ರೆಂಚರು ಮಾಡಿದ್ದು ಬರೀ ಕಾಪಿನಾ? ನೋಡೋದಾದರೆ ಮೊದಲು ಯಾವುದು ನೋಡಲಿ?
– ಓದುಗರೊಬ್ಬರು, ಧಾರವಾಡ

ಟೋಪಿ, ಉದ್ದನೆಯ ಕೋಟು, ಮಳೆ, ನೈಟ್‌ಕ್ಲಬ್ಬು ಇವಿಷ್ಟು ಕಾಪಿ ಅಂತಲೇ ಇಟ್ಟುಕೊಳ್ಳಿ. ಆದರೆ ಜಾಕ್ ಬೆಕೆರ್ ಮಾಡಿದ ‘ತೂಶೇ ಪಾ ಓ ಗ್ರಿಸ್ಬಿ’ (1954) ಹಾಕಿ ನೋಡಿ. ಝಾ ಗಾಬ್ಯಾ ಅದರಲ್ಲಿ ಮ್ಯಾಕ್ಸ್ ಎಂಬ ವಯಸ್ಸಾದ ಕಳ್ಳ, ವಿಮಾನ ನಿಲ್ದಾಣದಲ್ಲಿ ಹೊಡೆದ ಚಿನ್ನದ ಗಟ್ಟಿ ಅವನ ಹತ್ತಿರ ಇದೆ, ಇನ್ನೊಂದು ಗ್ಯಾಂಗು ಬೆನ್ನು ಹತ್ತಿದೆ. ಅಮೆರಿಕದ ಸಿನಿಮಾ ಆಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಗುಂಡು ಹಾರಿರಬೇಕಿತ್ತು, ಅಲ್ವಾ? ಇಲ್ಲಿ ಮ್ಯಾಕ್ಸ್ ತನ್ನ ಗೆಳೆಯನನ್ನು ಗುಟ್ಟಿನ ಮನೆಗೆ ಕರೆದುಕೊಂಡು ಹೋಗಿ, ಮೇಜಿನ ಮೇಲೆ ರಸ್ಕು, ಮಾಂಸದ ಪಾತೇ, ವೈನು ಇಡುತ್ತಾನೆ. ಇಬ್ಬರೂ ಕೂತು ಕಟಕಟ ಅಂತ ತಿನ್ನುತ್ತಾರೆ. ಆಮೇಲೆ ಗೆಳೆಯನಿಗೆ ಪೈಜಾಮ, ಹಲ್ಲುಜ್ಜುವ ಬ್ರಷ್ಷು ಕೊಡುತ್ತಾನೆ. ಆ ಗೆಳೆಯ ಕನ್ನಡಿ ಮುಂದೆ ನಿಂತು ಕಣ್ಣಿನ ಕೆಳಗೆ ಜೋತುಬಿದ್ದ ಚರ್ಮವನ್ನು ಸುಮ್ನೆ ಮುಟ್ಟಿ ನೋಡಿಕೊಳ್ಳುತ್ತಾನೆ. ನನಗೆ ಇಡೀ ಸಿನಿಮಾದಲ್ಲಿ ನೆನಪಿರೋದು ಅದೇ, ಕೊನೆಯ ಗುಂಡಿನ ಕಾಳಗ ಅಲ್ಲ. ಕಳ್ಳರಿಗೂ ವಯಸ್ಸಾಗುತ್ತೆ, ಸುಸ್ತಾಗುತ್ತೆ, ಹತ್ತು ಗಂಟೆಗೆ ನಿದ್ದೆ ಬರುತ್ತೆ. ಇದನ್ನು ತೋರಿಸೋಕೆ ಸಮಯ ಕೊಟ್ಟರಲ್ಲ, ಅಲ್ಲೇ ಫ್ರೆಂಚರು ಬೇರೆ ದಾರಿ ಹಿಡಿದರು ಅಂತ ನನ್ನ ಲೆಕ್ಕ.

ಎರಡನೆಯದು ‘ರಿಫಿಫಿ’ (1955). ತಮಾಷೆ ಅಂದರೆ ಇದರ ನಿರ್ದೇಶಕ ಜೂಲ್ಸ್ ಡಸಿನ್ ಅಮೆರಿಕದವನೇ. ಕಮ್ಯುನಿಸ್ಟ್ ಅಂತ ಹೇಳಿ ಹಾಲಿವುಡ್ ಬಾಗಿಲು ಹಾಕಿದ್ದಕ್ಕೆ ಯುರೋಪಿಗೆ ಬಂದವನು. ಒಡವೆ ಅಂಗಡಿಗೆ ಕನ್ನ ಹಾಕುವ ದೃಶ್ಯ ಹತ್ತಿರ ಹತ್ತಿರ ಅರ್ಧ ಗಂಟೆ ಇದೆ, ಮಾತಿಲ್ಲ, ಸಂಗೀತವೂ ಇಲ್ಲ. ಮೇಲಿನ ಮನೆಯ ನೆಲ ಕೊರೆದು, ಆ ತೂತಿನಿಂದ ಒಂದು ಕೊಡೆ ಇಳಿಬಿಟ್ಟು ಬಿಚ್ಚುತ್ತಾರೆ, ಉದುರುವ ಗಾರೆ ಸದ್ದಾಗದ ಹಾಗೆ ಕೊಡೆಯೊಳಗೇ ಬೀಳಲಿ ಅಂತ. ನೋಡುತ್ತಾ ನಾವೂ ಉಸಿರು ಬಿಗಿಹಿಡಿದಿರುತ್ತೇವೆ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಡಸಿನ್‌ಗೆ ನಿರ್ದೇಶನದ ಪ್ರಶಸ್ತಿ ಬಂತು.

ಪ್ರಶ್ನೆ: ‘ಲ ಸಾಮುರಾಯ್’ ಹಾಕಿದೆ. ಹತ್ತು ನಿಮಿಷ ಆದರೂ ಯಾರೂ ಬಾಯಿ ಬಿಡಲಿಲ್ಲ. ಟಿವಿ ಕೆಟ್ಟಿದೆಯಾ ಅಂತ ಹೆಂಡತಿ ಕೇಳಿದಳು. ಶುರುವಿನಲ್ಲಿ ಬರುವ ಜಪಾನಿ ಗ್ರಂಥದ ಮಾತು ನಿಜವಾದದ್ದಾ?
– ಓದುಗರೊಬ್ಬರು, ಮೈಸೂರು

ಟಿವಿ ಚೆನ್ನಾಗೇ ಇದೆ, ಅವರಿಗೆ ಹೇಳಿಬಿಡಿ. ಆ ಮಾತು ಮಾತ್ರ ಸುಳ್ಳು. ನಿರ್ದೇಶಕ ಝಾ-ಪಿಯರ್ ಮೆಲ್ವಿಲ್ ಸ್ವತಃ ಬರೆದು ಸಾಮುರಾಯ್‌ಗಳ ಗ್ರಂಥದ ಹೆಸರು ಹಾಕಿದ. ಅವನ ಹೆಸರೂ ಎರವಲು ತಂದದ್ದೇ. ಹುಟ್ಟುಹೆಸರು ಗ್ರಂಬಾಕ್, ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್ ಮೇಲಿನ ಪ್ರೀತಿಗೆ ಅದನ್ನು ಬದಲಾಯಿಸಿಕೊಂಡ. ಸ್ಟೆಟ್ಸನ್ ಟೋಪಿ, ಕಪ್ಪು ಕನ್ನಡಕ ಇಲ್ಲದೆ ಹೊರಗೆ ಕಾಣುತ್ತಿದ್ದದ್ದೇ ಕಡಿಮೆ. ಇಷ್ಟು ಅಮೆರಿಕದ ಹುಚ್ಚಿದ್ದವನು 1967ರಲ್ಲಿ ಮಾಡಿದ ಈ ಸಿನಿಮಾದಲ್ಲಿ ಅಮೆರಿಕದ ವೇಗ ಒಂಚೂರೂ ಇಲ್ಲ ನೋಡಿ! ಬಾಡಿಗೆ ಕೊಲೆಗಾರನ ಪಾತ್ರದ ಅಲೈನ್ ಡೆಲೊ ಕಾರು ಕದಿಯುವ ದೃಶ್ಯ ಇನ್ನೊಮ್ಮೆ ನೋಡಿ. ದೊಡ್ಡ ಬಳೆಯಂಥ ಗೊಂಚಲಿನಲ್ಲಿ ಬೀಗದ ಕೈಗಳು, ಒಂದು ಹಾಕುತ್ತಾನೆ, ಆಗಲ್ಲ, ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ಹಾಕುತ್ತಾನೆ, ಮುಖ ಮಾತ್ರ ಮುಂದಕ್ಕೇ. ಬ್ಯಾಂಕಿನ ಗುಮಾಸ್ತ ಚೆಕ್ಕಿಗೆ ಮುದ್ರೆ ಹೊಡೆದ ಹಾಗೆ.

ಅವನ ಕೋಣೆಯಲ್ಲಿರುವ ಪಂಜರದ ಹಕ್ಕಿ ನೋಡಿದಿರಾ? ಅದೇ ವರ್ಷ ಮೆಲ್ವಿಲ್‌ನ ಸ್ವಂತ ಸ್ಟುಡಿಯೋ ಬೆಂಕಿಗೆ ಆಹುತಿಯಾಯಿತು, ಆ ಹಕ್ಕಿಯೂ ಅದರಲ್ಲೇ ಸತ್ತಿತು ಅಂತ ಹೇಳುತ್ತಾರೆ.

ಪ್ರಶ್ನೆ: ಮನೆಯವರೆಲ್ಲ ಕೂತು ನೋಡಬಹುದಾ?
– ಓದುಗರೊಬ್ಬರು, ಉಡುಪಿ

‘ಲ ಸಾಮುರಾಯ್’ ನೋಡಬಹುದು, ಯಾರಿಗೂ ನಿದ್ದೆ ಬರದಿದ್ದರೆ. ‘ರಿಫಿಫಿ’ ಬೇಡ. ಅದರ ನಾಯಕ ಶುರುವಿನಲ್ಲೇ ತನ್ನ ಹಳೆಯ ಗೆಳತಿಗೆ ಬೆಲ್ಟಿನಲ್ಲಿ ಹೊಡೆಯುತ್ತಾನೆ, ಕ್ಯಾಮೆರಾ ಬೇರೆ ಕಡೆ ತಿರುಗಿದರೂ ಸದ್ದು ಕೇಳಿಸುತ್ತೆ. ‘ಗ್ರಿಸ್ಬಿ’ಯ ಮ್ಯಾಕ್ಸ್ ಕೂಡ ಹೆಂಗಸರ ಕೆನ್ನೆಗೆ ಹೊಡೆಯೋಕೆ ಹಿಂದುಮುಂದು ನೋಡುವವನಲ್ಲ. ಗಂಡಸರ ಗೆಳೆತನಕ್ಕೆ ಅಷ್ಟು ಸಮಯ ಕೊಟ್ಟವರು ಹೆಂಗಸರ ವಿಷಯಕ್ಕೆ ಬಂದಾಗ ತೀರಾ ಜಿಪುಣರು. ಲೂಯಿ ಮಾಲ್ ಮಾಡಿದ ‘ಎಲಿವೇಟರ್ ಟು ದ ಗ್ಯಾಲೋಸ್’ (1958) ವಾಸಿ. ಝಾನ್ ಮೊರೊ ಅದರಲ್ಲಿ ರಾತ್ರಿಯೆಲ್ಲ ಪ್ರಿಯಕರನನ್ನು ಹುಡುಕುತ್ತಾ ಪ್ಯಾರಿಸ್ ಬೀದಿ ಅಲೆಯುತ್ತಾಳೆ, ಮುಖದ ಮೇಲೆ ಅಂಗಡಿ ಗಾಜಿನ ಬೆಳಕು ಬಿಟ್ಟರೆ ಜಾಸ್ತಿ ಬೆಳಕಿಲ್ಲ, ಹಿಂದೆ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್‌ನ ಟ್ರಂಪೆಟ್. ಮಕ್ಕಳು ಮಲಗಿದ ಮೇಲೆ ಹಾಕಿ.