ಪ್ರತ್ಯಯ ಸೇರಿದ ಪದವನ್ನು ಮೆದುಳು ಬಿಡಿಸಿ ಓದುತ್ತದೆಯೇ? ಕನ್ನಡದಲ್ಲಿ ಅಳೆಯುವುದು ಹೇಗೆ?

ನೀವು ಮಂಗಳೂರಿನಲ್ಲಿ ಸ್ಪೀಚ್ ಅಂಡ್ ಹಿಯರಿಂಗ್ ಓದುತ್ತಿದ್ದು, ‘ಉಡುಪಿಗೆ’ಯಂಥ ಪದವನ್ನು ಮೆದುಳು ಇಡಿಯಾಗಿ ಹಿಡಿಯುತ್ತದೋ ಬಿಡಿಸುತ್ತದೋ, ಪ್ರಾಜೆಕ್ಟಿನಲ್ಲಿ ಅಳೆಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಅಳೆಯಬಹುದು.

ಮೊದಲು ಬಿಡಿಸುತ್ತದೆ, ಅದೂ ಅರ್ಥ ನೋಡದೆ. ಇಂಗ್ಲಿಷಿನಲ್ಲಿ ರಾಸಲ್, ಡೇವಿಸ್, ನ್ಯೂ ಎಂಬ ಸಂಶೋಧಕರು ಇದನ್ನು 2004ರಲ್ಲಿ ತೋರಿಸಿದರು. ‘ಕಾರ್ನರ್’ ಪದವನ್ನು ಸುಮಾರು 40 ಮಿಲಿಸೆಕೆಂಡು ಮಿಂಚಿಸಿದರೆ ಓದುಗನಿಗೆ ಕಂಡದ್ದೇ ತಿಳಿಯದು; ಆದರೂ ಹಿಂದೆಯೇ ಬರುವ ‘ಕಾರ್ನ್’ ಬೇಗ ಗುರುತಾಗುತ್ತದೆ. ಮೂಲೆಗೂ ಜೋಳಕ್ಕೂ ನಂಟಿಲ್ಲ, ಕೊನೆಯ ‘ಅರ್’ ಪ್ರತ್ಯಯದಂತೆ ಕಾಣುತ್ತದೆ ಅಷ್ಟೆ. ‘ಬ್ರಾಥೆಲ್’ ಮಿಂಚಿಸಿದರೆ ‘ಬ್ರಾತ್’ಗೆ ಆ ಅನುಕೂಲವಿಲ್ಲ, ‘ಎಲ್’ ಪ್ರತ್ಯಯವಲ್ಲ. ಅರ್ಥದ ಹೊಂದಾಣಿಕೆ ಆಮೇಲಿನದು. ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಇಇಜಿಯಲ್ಲಿ ಅದು ಸುಮಾರು 400 ಮಿಲಿಸೆಕೆಂಡಿನ ಹೊತ್ತಿಗೆ ಕಾಣುತ್ತದೆ.

ಈ ವಿನ್ಯಾಸವನ್ನು ಕನ್ನಡಕ್ಕೆ ಹಾಗೇ ಇಳಿಸಬೇಡಿ. ‘ಹೋಳಿಗೆ’ಯನ್ನು ಹುಸಿ ಪ್ರತ್ಯಯದ ಪದವೆಂದು ಪಟ್ಟಿಗೆ ಸೇರಿಸಲು ಮನಸ್ಸಾಗುತ್ತದೆ, ಆದರೆ ಹೋಳಿ ಹಬ್ಬಕ್ಕೆ ಎಂಬ ಅರ್ಥವೂ ಅದಕ್ಕುಂಟು. ‘ಉಡುಪಿಗೆ’ಯೇ ನೋಡಿ: ಉಡುಪಿ ಊರಿಗೂ ಆಯಿತು, ತೊಡುವ ಉಡುಪಿಗೂ ಆಯಿತು. ವಿಭಕ್ತಿ ಪ್ರತ್ಯಯ ಯಾವ ನಾಮಪದಕ್ಕೂ ಅಂಟುವುದರಿಂದ ಇಂಥ ಪದಗಳು ಫಲಿತಾಂಶವನ್ನು ಕಲಸಿಬಿಡುತ್ತವೆ.

ಅದಕ್ಕಿಂತ, ಇಲ್ಲದ ಪದಗಳಿಂದ ಶುರುಮಾಡಿ. ನಿಜವಾದ ಧಾತು, ನಿಜವಾದ ಪ್ರತ್ಯಯ, ಆದರೆ ಕೂಡದ ಜೋಡಿ: ‘ತಿನ್ನುಗಳು’. ಹೋಲಿಕೆಗೆ ಒಂದಕ್ಷರ ಬದಲಿಸಿದ ‘ತಿನ್ನುಮಳು’. ಪದವೋ ಅಲ್ಲವೋ ಎಂದು ಗುಂಡಿ ಒತ್ತಿಸಿ. ಮೆದುಳು ಬಿಡಿಸುತ್ತಿದ್ದರೆ ‘ತಿನ್ನುಗಳು’ ಪದವಲ್ಲ ಎನ್ನಲು ಹೆಚ್ಚು ಹೊತ್ತು ಹಿಡಿಯಬೇಕು, ತಪ್ಪೂ ಹೆಚ್ಚಬೇಕು; ಬೇರೆ ಭಾಷೆಗಳಲ್ಲಿ ಹೀಗೇ ಆಗಿದೆ. ‘ಕುಡಿಗಳು’ ಮಾತ್ರ ಹಾಕಬೇಡಿ, ಚಿಗುರು ಎಂಬ ಅರ್ಥದಲ್ಲಿ ಅದು ಸರಿಯಾದ ಪದ. ಪ್ರತಿ ಧಾತುವನ್ನೂ ನಿಘಂಟಿನಲ್ಲಿ ಹೀಗೆ ನೋಡಿಕೊಳ್ಳಿ.

ಮಿಂಚಿಸುವ ವಿಧಾನವೇ ಬೇಕಿದ್ದರೆ 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡು, ಮೂರು ಫ್ರೇಮ್ ಇಟ್ಟರೆ 50. ಮೊದಲು 500 ಮಿಲಿಸೆಕೆಂಡು #### ಎಂಬ ಗುರುತು, ನಂತರ ಮಿಂಚುಪದ (ಮಿಂಚಿ ಮರೆಯಾಗುವ ಪದ), ತಕ್ಷಣ ಗುರಿಪದ (ಓದುಗ ಗುರುತಿಸಬೇಕಾದ ಪದ). ಇಂಗ್ಲಿಷಿನವರು ಮಿಂಚುಪದವನ್ನು ಸಣ್ಣಕ್ಷರದಲ್ಲಿ, ಗುರಿಪದವನ್ನು ದೊಡ್ಡಕ್ಷರದಲ್ಲಿ ಕೊಟ್ಟು ಬರೀ ಆಕಾರದ ಹೋಲಿಕೆಯನ್ನು ತಪ್ಪಿಸುತ್ತಾರೆ. ನಮ್ಮ ಲಿಪಿಯಲ್ಲಿ ಆ ದಾರಿಯಿಲ್ಲ. ಫಾಂಟ್ ಮತ್ತು ಗಾತ್ರ ಎರಡನ್ನೂ ಬದಲಿಸಿ.

ನಮ್ಮ ಕಡೆ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್ ಎಂಬವರು ತುಂಬ. ಮನೆಮಾತು, ಶಾಲೆಯ ಮಾಧ್ಯಮ, ದಿನಾ ಕನ್ನಡ ಓದುವ ರೂಢಿ ಮೂರನ್ನೂ ಮೊದಲೇ ಬರೆಸಿಕೊಳ್ಳಿ. ಕನ್ನಡ ನಿಧಾನ ಓದುವವರನ್ನು ಪ್ರತ್ಯೇಕ ಗುಂಪಾಗಿಯೇ ವಿಶ್ಲೇಷಿಸಿ.